ತೋಟಕ್ಕೆ ರೈಟರು ಬೇಕೇ? ಮೊದಲು ಕೆಲಸದ ಪೇಟೆ ವಿಚಾರಿಸಿ

ಕಾಫಿ ಮಾರುವ ಮುನ್ನ ನಮ್ಮ ಬೆಳೆಗಾರರು ನಾಲ್ಕು ಕಡೆ ದರ ವಿಚಾರಿಸುತ್ತಾರೆ. ಚಿಕ್ಕಮಗಳೂರಿನಲ್ಲಿ ಇಂದು ಎಷ್ಟಿದೆ, ಮೂಡಿಗೆರೆಯಲ್ಲಿ ಎಷ್ಟಿದೆ ಎಂದು ತಿಳಿದುಕೊಂಡು, ಮೂಟೆಗೆ ನೂರು ರೂಪಾಯಿ ಹೆಚ್ಚು ಸಿಗುವುದಾದರೆ ಎರಡು ದಿನ ಕಾಯುತ್ತಾರೆ. ಗೊಬ್ಬರ ತರುವಾಗಲೂ ಇದೇ ಎಚ್ಚರಿಕೆ. ಆದರೆ ಇಡೀ ತೋಟದ ಬೀಗದ ಕೈ, ಕೂಲಿಯ ಲೆಕ್ಕ ಮತ್ತು ಕಣದ ಕಾವಲನ್ನು ಯಾರ ಕೈಗೆ ಒಪ್ಪಿಸುತ್ತೇವೆಯೋ ಆ ರೈಟರನ್ನು ನೇಮಿಸುವಾಗ ಮಾತ್ರ ಈ ವಿಚಾರಣೆ ನಡೆಯುವುದು ಅಪರೂಪ. ಹಳೆಯ ರೈಟರು ಬಿಟ್ಟುಹೋದ ಮೇಲೆ ಯಾರೋ ಒಬ್ಬರು ಹೇಳಿದವರನ್ನು ಕರೆಸಿ, ಬಾಯಿಗೆ ಬಂದ ಸಂಬಳ ಹೇಳಿ, ಮರುದಿನದಿಂದಲೇ ಕೆಲಸಕ್ಕೆ ಹಚ್ಚುವುದು ರೂಢಿ. ಆತ ಕುಯ್ಲಿನ ನಡುವೆ ಬಿಟ್ಟುಹೋದಾಗ "ಈಗಿನ ಕಾಲದಲ್ಲಿ ಜನ ನಿಲ್ಲುವುದಿಲ್ಲ" ಎಂದು ಕಾಲವನ್ನು ದೂರುತ್ತೇವೆ.

ಜನ ನಿಲ್ಲದಿರುವುದಕ್ಕೆ ಕಾರಣಗಳಿರುತ್ತವೆ. ಅವುಗಳಲ್ಲಿ ಹೆಚ್ಚಿನವನ್ನು ನೇಮಕಕ್ಕೆ ಮೊದಲೇ ತಿಳಿಯಬಹುದು. ಆಲ್ದೂರು ಸುತ್ತಿನ ತೋಟಗಳನ್ನು ದೃಷ್ಟಿಯಲ್ಲಿಟ್ಟುಕೊಂಡು, ರೈಟರ ಹುದ್ದೆಯನ್ನು ತುಂಬುವ ಮುನ್ನ ಕೆಲಸದ ಪೇಟೆಯನ್ನು ಹೇಗೆ ವಿಚಾರಿಸಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ. ಮೇಸ್ತ್ರಿ, ಚಾಲಕ, ಪಲ್ಪರ್ ನೋಡಿಕೊಳ್ಳುವವರು ಮುಂತಾದವರ ನೇಮಕಕ್ಕೂ ಇದೇ ಕ್ರಮ ಅನ್ವಯಿಸುತ್ತದೆ.

ಕೆಲಸದ ಪೇಟೆ ಎಂದರೇನು?

ಒಂದು ಪ್ರದೇಶದಲ್ಲಿ ಒಂದು ಬಗೆಯ ಕೆಲಸ ಬಲ್ಲವರು ಎಷ್ಟು ಜನರಿದ್ದಾರೆ, ಅವರನ್ನು ಬೇಕೆನ್ನುವವರು ಎಷ್ಟು ಮಂದಿ, ಯಾವ ಸಂಬಳ ಸೌಕರ್ಯಗಳಿಗೆ ಅವರು ಒಪ್ಪುತ್ತಾರೆ, ಇದನ್ನು ಬಿಟ್ಟರೆ ಅವರಿಗೆ ಬೇರೆ ಯಾವ ಕೆಲಸ ಸಿಗುತ್ತದೆ ಎಂಬ ನಾಲ್ಕು ಅಂಶಗಳೂ ಸೇರಿದರೆ ಅದೇ ಕೆಲಸದ ಪೇಟೆ. ಇದಕ್ಕೆ ಅಂಗಡಿಯಿಲ್ಲ, ದರದ ಹಲಗೆಯಿಲ್ಲ. ಆದರೂ ದರ ಇದ್ದೇ ಇರುತ್ತದೆ. ಆ ದರ ನಮಗೆ ಗೊತ್ತಿಲ್ಲದಿದ್ದರೂ ಕೆಲಸಕ್ಕೆ ಬರುವವರಿಗೆ ಗೊತ್ತಿರುತ್ತದೆ. ಪೇಟೆಗಿಂತ ಕಡಿಮೆ ಹೇಳಿದರೆ ಒಳ್ಳೆಯವರು ಬರುವುದಿಲ್ಲ, ಬಂದವರು ಬೇರೆ ಕಡೆ ಸಿಗುವ ತನಕ ಮಾತ್ರ ಇರುತ್ತಾರೆ. ವಿಚಾರಿಸದೆ ಹೆಚ್ಚು ಹೇಳಿದರೆ ನಮ್ಮಲ್ಲೇ ಹತ್ತು ವರ್ಷದಿಂದ ದುಡಿಯುತ್ತಿರುವ ಮೇಸ್ತ್ರಿಯ ಮನಸ್ಸು ಕೆಡುತ್ತದೆ.

ಹಿಂದೆ ಹೇಗಿತ್ತು, ಈಗೇಕೆ ಬದಲಾಯಿತು?

ಮಲೆನಾಡಿನ ಕಾಫಿ ತೋಟಗಳಿಗೆ ಕೂಲಿಕಾರರು ಬರುತ್ತಿದ್ದುದು ಬಹುಮಟ್ಟಿಗೆ ಮೇಸ್ತ್ರಿಗಳ ಮೂಲಕ. ಘಟ್ಟದ ಕೆಳಗಿನ ದಕ್ಷಿಣ ಕನ್ನಡದಿಂದ, ತಮಿಳು ಸೀಮೆಯಿಂದ, ಬಯಲುಸೀಮೆಯಿಂದ ಮೇಸ್ತ್ರಿಯು ಮುಂಗಡ ಕೊಟ್ಟು ಜನ ಕರೆತರುತ್ತಿದ್ದ. ತೋಟದ ಲೈನ್ ಮನೆಗಳಲ್ಲಿ ಕುಟುಂಬಗಳು ನೆಲೆಸುತ್ತಿದ್ದವು. ಆ ಮನೆಗಳಲ್ಲೇ ಹುಟ್ಟಿ ಬೆಳೆದು ಸ್ವಲ್ಪ ಓದಿದ ಹುಡುಗ ಮುಂದೆ ಅದೇ ತೋಟದ ರೈಟರಾಗುವುದೂ ಉಂಟಾಗಿತ್ತು. ಆದ್ದರಿಂದ ಹೊರಗೆ ಹುಡುಕುವ ಪ್ರಮೇಯ ಹೆಚ್ಚಾಗಿ ಬರುತ್ತಿರಲಿಲ್ಲ.

ಈಗ ಮೂರು ಬದಲಾವಣೆಗಳಾಗಿವೆ.

ಮೊದಲನೆಯದು, ಲೈನ್ ಮನೆಗಳ ಮಕ್ಕಳು ಓದಿ ಬೆಂಗಳೂರು, ಮಂಗಳೂರುಗಳ ಕಡೆ ಹೋಗುತ್ತಿದ್ದಾರೆ. ಕುಯ್ಲಿಗೆ ಅಸ್ಸಾಂ, ಬಂಗಾಳ, ಜಾರ್ಖಂಡ್, ಬಿಹಾರಗಳಿಂದ ಜನ ಬರುತ್ತಿದ್ದಾರೆ. ಇವರೊಡನೆ ವ್ಯವಹರಿಸಲು ರೈಟರಿಗೆ ತಕ್ಕಮಟ್ಟಿಗೆ ಹಿಂದಿ ಬರಬೇಕಾಗಿದೆ. ಕನ್ನಡ, ತುಳು, ತಮಿಳು ಬಂದರೆ ಸಾಕೆಂಬ ಕಾಲ ಹೋಯಿತು.

ಎರಡನೆಯದು, ಮಾರಾಟದ ಕ್ರಮ ಬದಲಾಗಿದೆ. ಮೊದಲು ಬೆಳೆದ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಿದರೆ ಮಾರಾಟದ ಚಿಂತೆ ಇರಲಿಲ್ಲ. 1990ರ ದಶಕದಲ್ಲಿ ಹಂತಹಂತವಾಗಿ ಈ ಪದ್ಧತಿ ಸಡಿಲಗೊಂಡು 1996ರ ಹೊತ್ತಿಗೆ ಬೆಳೆಗಾರರೆಲ್ಲರೂ ತಮ್ಮ ಕಾಫಿಯನ್ನು ತಾವೇ ಮಾರುವಂತಾಯಿತು. ಇದರಿಂದ ರೈಟರ ಹೊಣೆಯೂ ಹೆಚ್ಚಿತು. ತೇವಾಂಶ ನೋಡುವುದು, ಮಾದರಿ ತೆಗೆಯುವುದು, ಮೂಟೆಗಳ ಲೆಕ್ಕ ಇಡುವುದು, ದರ ಗಮನಿಸುವುದು ಈಗ ಅವರ ಕೆಲಸದ ಭಾಗಗಳು.

ಮೂರನೆಯದು, ಪೈಪೋಟಿ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಬೆಟ್ಟಗಳಲ್ಲಿ ಹೋಂಸ್ಟೇ ಮತ್ತು ರೆಸಾರ್ಟುಗಳು ಹೆಚ್ಚಿವೆ. ಲೆಕ್ಕ ಬಲ್ಲ, ನಾಲ್ಕು ಜನರೊಡನೆ ಮಾತಾಡಬಲ್ಲ, ಬೈಕು ಓಡಿಸಬಲ್ಲ ಯುವಕನನ್ನು ಅವರೂ ಬಯಸುತ್ತಾರೆ. ಹೀಗಾಗಿ ಪಕ್ಕದ ತೋಟ ಕೊಡುವ ಸಂಬಳವೊಂದನ್ನೇ ವಿಚಾರಿಸಿದರೆ ಸಾಲದು.

ಯಂತ್ರ ತಂದು ಈ ತೊಂದರೆಯಿಂದ ಪಾರಾಗಬಹುದೇ ಎಂದು ಕೆಲವರು ಕೇಳುತ್ತಾರೆ. ಬ್ರೆಜಿಲ್ ದೇಶದ ಸಮತಟ್ಟಾದ, ನೆರಳಿಲ್ಲದ ತೋಟಗಳಲ್ಲಿ ದೊಡ್ಡ ಯಂತ್ರಗಳು ಸಾಲುಗಳ ಮೇಲೆ ಹಾದು ಹಣ್ಣು ಉದುರಿಸುತ್ತವೆ. ನಮ್ಮದು ಇಳಿಜಾರು ನೆಲ. ನೆರಳು ಮರ, ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ನಡುವೆ ಕಾಫಿ. ಇಲ್ಲಿ ಕುಯ್ಲು ಕೈಯಿಂದಲೇ ಆಗಬೇಕು. ಕೈಗಳು ಹೆಚ್ಚಿದ್ದಲ್ಲಿ ಅವುಗಳ ಲೆಕ್ಕ ಇಡುವವರೂ ಬೇಕು.

ಮೊದಲ ಹೆಜ್ಜೆ: ಕೆಲಸವನ್ನು ಬರೆದಿಡಿ

ಪೇಟೆಗೆ ಹೋಗುವ ಮೊದಲು ಏನು ಬೇಕೆಂದು ಚೀಟಿ ಬರೆದುಕೊಳ್ಳುವಂತೆ, ರೈಟರಿಂದ ವರ್ಷದುದ್ದಕ್ಕೂ ಯಾವ ಕೆಲಸವಾಗಬೇಕೆಂಬುದನ್ನು ಒಂದು ಹಾಳೆಯಲ್ಲಿ ಬರೆಯಬೇಕು. ಅರೇಬಿಕಾ, ರೊಬಸ್ಟಾ ಎರಡೂ ಇರುವ ತೋಟದಲ್ಲಿ ಅದು ಸುಮಾರು ಹೀಗಿರುತ್ತದೆ.

ಜನವರಿಯಿಂದ ಮಾರ್ಚ್: ರೊಬಸ್ಟಾ ಕುಯ್ಲು, ಮೆಣಸಿನ ಕುಯ್ಲು, ಕಣದ ಕಾವಲು, ರೊಬಸ್ಟಾಕ್ಕೆ ಹೂವಿನ ನೀರು ಹಾಯಿಸುವುದು, ಮಾರ್ಚಿಯಲ್ಲಿ ಅರೇಬಿಕಾದಲ್ಲಿ ಬೋರರ್ ಹಿಡಿದ ಗಿಡಗಳನ್ನು ಗುರುತಿಸಿ ತೆಗೆಸುವುದು.

ಏಪ್ರಿಲ್ ಮತ್ತು ಮೇ: ಗಿಡಗಸಿ, ಮರಗಸಿ, ಗೊಬ್ಬರ, ಮುಂಗಾರಿಗೆ ಮೊದಲು ಬೋರ್ಡೋ ದ್ರಾವಣದ ಸಿಂಪಡಣೆ.

ಜೂನ್‌ನಿಂದ ಆಗಸ್ಟ್: ಗಿಡ ನೆಡುವುದು, ಚಿಗುರು ತೆಗೆಯುವುದು, ಚರಂಡಿ ಬಿಡಿಸುವುದು, ಕೊಳೆರೋಗದ ಮೇಲೆ ನಿಗಾ, ಮಳೆಯ ಲೆಕ್ಕ.

ಸೆಪ್ಟೆಂಬರ್ ಮತ್ತು ಅಕ್ಟೋಬರ್: ಕಳೆ ತೆಗೆಯುವುದು, ಗೊಬ್ಬರ, ಬೋರರ್ ಗಿಡಗಳ ಎರಡನೆಯ ತಪಾಸಣೆ, ಕುಯ್ಲಿಗೆ ಜನ ಗೊತ್ತು ಮಾಡುವುದು, ಕಣ ಮತ್ತು ಪಲ್ಪರಿನ ದುರಸ್ತಿ.

ನವೆಂಬರ್ ಮತ್ತು ಡಿಸೆಂಬರ್: ಅರೇಬಿಕಾ ಕುಯ್ಲು, ಹಣ್ಣಿನ ತೂಕದ ಪುಸ್ತಕ, ಪಲ್ಪಿಂಗ್, ಪಾರ್ಚ್‌ಮೆಂಟ್ ಒಣಗಿಸುವುದು.

ಇವುಗಳ ಜೊತೆಗೆ ಪ್ರತಿದಿನದ ಚೆಕ್‌ರೋಲ್, ಬಟವಾಡೆ, ಉಗ್ರಾಣದ ಲೆಕ್ಕ.

ಹೀಗೆ ಬರೆದ ಮೇಲೆ ಪ್ರತಿಯೊಂದರ ಮುಂದೆ "ಯಾರು ಮಾಡುತ್ತಾರೆ?" ಎಂದು ಗುರುತು ಹಾಕಬೇಕು. ಕೆಲವು ನೀವೇ ಮಾಡುತ್ತೀರಿ, ಕೆಲವು ಮೇಸ್ತ್ರಿಯದು. ಉಳಿದದ್ದೇ ರೈಟರ ಕೆಲಸ. ಎಷ್ಟೋ ತೋಟಗಳಲ್ಲಿ ಈ ಹಾಳೆ ಬರೆದು ನೋಡಿದರೆ ಬೇಕಾಗಿರುವುದು ವರ್ಷವಿಡೀ ರೈಟರಲ್ಲ, ಕುಯ್ಲಿನ ನಾಲ್ಕು ತಿಂಗಳಿಗೆ ತೂಕ ಮತ್ತು ಲೆಕ್ಕ ನೋಡುವವರು ಎಂಬುದು ತಿಳಿಯುತ್ತದೆ. ಇನ್ನು ಕೆಲವು ತೋಟಗಳಲ್ಲಿ ರೈಟರೆಂದು ಕರೆದು ಮೇನೇಜರ ಹೊಣೆಯನ್ನೆಲ್ಲ ಹೊರಿಸಲಾಗುತ್ತಿರುತ್ತದೆ. ಇವೆರಡಕ್ಕೂ ಪೇಟೆ ಬೇರೆ, ದರವೂ ಬೇರೆ. ಹುದ್ದೆಯ ಹೆಸರು ಒಂದೇ ಎಂದು ಸಂಬಳ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಎಲ್ಲಿ ವಿಚಾರಿಸಬೇಕು?

1. ನೆರೆಯ ತೋಟಗಳು. ನಿಮ್ಮ ತೋಟದಷ್ಟೇ ವಿಸ್ತೀರ್ಣದ, ಅದೇ ಬೆಳೆಗಳಿರುವ ಏಳೆಂಟು ತೋಟಗಳನ್ನು ಆರಿಸಿಕೊಳ್ಳಿ. ಆಲ್ದೂರಿನವರು ಚಿಕ್ಕಮಗಳೂರು, ಬಾಳೆಹೊನ್ನೂರು, ಮೂಡಿಗೆರೆ ಈ ಮೂರೂ ದಿಕ್ಕಿನಲ್ಲಿ ಎರಡೆರಡು ತೋಟಗಳನ್ನಾದರೂ ಕೇಳಬೇಕು. ಏಕೆಂದರೆ ರೈಟರು ಈ ಮೂರೂ ಕಡೆಗೆ ಹೋಗಬಲ್ಲರು.

2. ಕೆಲಸ ಬಿಟ್ಟವರು. ಹಿಂದೆ ನಿಮ್ಮಲ್ಲಿ ಅಥವಾ ಅಕ್ಕಪಕ್ಕದಲ್ಲಿ ರೈಟರಾಗಿದ್ದು ಬಿಟ್ಟವರನ್ನು ತಪ್ಪದೆ ಕಂಡು ಮಾತಾಡಿ. ಇವರಷ್ಟು ನಿಜ ಹೇಳುವವರು ಬೇರೆ ಯಾರೂ ಇಲ್ಲ.

3. ಬೆಳೆಗಾರರ ಸಂಘಗಳು. ಹೋಬಳಿ ಮತ್ತು ತಾಲ್ಲೂಕು ಮಟ್ಟದ ಸಂಘಗಳಲ್ಲಿ ಕೂಲಿ ಸಂಬಳಗಳ ಮಾತು ಬರುತ್ತಲೇ ಇರುತ್ತದೆ. ಕರ್ನಾಟಕ ಪ್ಲಾಂಟರ್ಸ್ ಅಸೋಸಿಯೇಷನ್‌ನ ಕಚೇರಿ ಚಿಕ್ಕಮಗಳೂರಿನಲ್ಲಿಯೇ ಇದೆ.

4. ಸರ್ಕಾರಿ ಕಚೇರಿಗಳು. ತೋಟದ ಕೆಲಸಗಳಿಗೆ ಸರ್ಕಾರ ಗೊತ್ತುಪಡಿಸಿರುವ ಕನಿಷ್ಠ ವೇತನ ಹಾಗೂ ತುಟ್ಟಿಭತ್ಯವನ್ನು ಕಾರ್ಮಿಕ ಇಲಾಖೆಯಲ್ಲಿ ಕೇಳಿ ಬರೆದುಕೊಳ್ಳಬೇಕು. ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ ಕೆಲಸ ಬಯಸಿ ಹೆಸರು ನೋಂದಾಯಿಸಿದವರ ವಿವರ ಕೇಳಬಹುದು.

5. ವಿದ್ಯಾಸಂಸ್ಥೆಗಳು. ಮೂಡಿಗೆರೆಯ ತೋಟಗಾರಿಕೆ ಕಾಲೇಜು ಹಾಗೂ ಸಂಶೋಧನಾ ಕೇಂದ್ರ, ಬಾಳೆಹೊನ್ನೂರಿನಲ್ಲಿ 1925ರಿಂದ ಕೆಲಸ ಮಾಡುತ್ತಿರುವ ಕಾಫಿ ಸಂಶೋಧನಾ ಕೇಂದ್ರ, ಇವುಗಳೊಡನೆ ಸಂಪರ್ಕವಿಟ್ಟುಕೊಂಡರೆ ತರಬೇತಿ ಪಡೆದವರು ಯಾವ ಸಂಬಳ ನಿರೀಕ್ಷಿಸುತ್ತಾರೆ ಎಂಬ ಅಂದಾಜು ಸಿಗುತ್ತದೆ.

6. ಸಂತೆ, ಹೋಟೆಲು, ಗೊಬ್ಬರದ ಅಂಗಡಿ. ಗೊಬ್ಬರ, ಔಷಧಿ ಒಯ್ಯಲು ಎಲ್ಲ ತೋಟಗಳ ರೈಟರೂ ಅಂಗಡಿಗೆ ಬರುತ್ತಾರೆ. ಯಾವ ತೋಟದಲ್ಲಿ ಯಾರು ಹೊಸಬರು, ಯಾರು ಬಿಡುವ ಯೋಚನೆಯಲ್ಲಿದ್ದಾರೆ ಎಂಬುದು ಅಂಗಡಿಯವರಿಗೆ ಮೊದಲು ತಿಳಿಯುತ್ತದೆ.

ಹೇಗೆ ಕೇಳಬೇಕು?

"ನಿಮ್ಮ ರೈಟರಿಗೆ ಎಷ್ಟು ಕೊಡ್ತೀರಿ ಗೌಡ್ರೇ?" ಎಂದು ನೇರವಾಗಿ ಕೇಳಿದರೆ "ಹೆಂಗೋ ನಡೀತಾ ಇದೆ ಬಿಡಿ" ಎಂಬ ಉತ್ತರ ಸಿಗುತ್ತದೆ. ತಮ್ಮ ರೈಟರನ್ನು ಸೆಳೆದುಕೊಳ್ಳಲು ಬಂದಿದ್ದಾರೆಂಬ ಸಂಶಯವೂ ಹುಟ್ಟುತ್ತದೆ. ಅದರ ಬದಲು "ನಮ್ಮಲ್ಲಿ ರೈಟರು ಬಿಟ್ಟಿದ್ದಾರೆ, ಹೊಸಬರಿಗೆ ಏನು ಹೇಳಿದರೆ ನ್ಯಾಯವಾದೀತು?" ಎಂದು ವಿಷಯ ಬಿಡಿಸಿ ಹೇಳಿ ಸಲಹೆ ಕೇಳುವುದು ಒಳ್ಳೆಯದು. ನೆರೆಯವರ ರೈಟರನ್ನು ಅವರಿಗೆ ತಿಳಿಯದಂತೆ ಕರೆಯುವುದು ಸರಿಯಲ್ಲ. ಇಂದು ನಾವು ಮಾಡಿದ್ದನ್ನು ನಾಳೆ ನಮಗೂ ಮಾಡುತ್ತಾರೆ, ಊರಿನ ದರವೂ ಕೆಡುತ್ತದೆ.

ಕೇಳಬೇಕಾದ ಮುಖ್ಯ ಪ್ರಶ್ನೆಗಳು ಇವು: ಕೈಗೆ ಸಿಗುವ ಸಂಬಳ ಎಷ್ಟು? ಮನೆ, ವಿದ್ಯುತ್, ನೀರು, ಸೌದೆ ಉಂಟೇ? ಬೈಕಿಗೆ ಪೆಟ್ರೋಲು ಕೊಡುತ್ತಾರೆಯೇ? ವರ್ಷಕ್ಕೆ ಬೋನಸ್ಸು ಎಷ್ಟು? ರಜ ಎಷ್ಟು ದಿನ, ಕುಯ್ಲಿನಲ್ಲಿ ಭಾನುವಾರ ಬಿಡುವುಂಟೇ? ಹಿಂದಿನ ರೈಟರು ಎಷ್ಟು ವರ್ಷ ಇದ್ದರು, ಏಕೆ ಬಿಟ್ಟರು? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರ ಉಳಿದೆಲ್ಲಕ್ಕಿಂತ ಹೆಚ್ಚು ಉಪಯುಕ್ತ. ಸಂಬಳ ಸಾಲದೆ ಬಿಟ್ಟರೇ, ಮಕ್ಕಳ ಶಾಲೆ ದೂರವೆಂದು ಬಿಟ್ಟರೇ, ಮಳೆಗಾಲದಲ್ಲಿ ಮನೆ ಸೋರುತ್ತಿತ್ತೇ, ಕಾಡಾನೆಯ ಭಯದಿಂದ ಮನೆಯವರು ಇರಲೊಪ್ಪಲಿಲ್ಲವೇ ಎಂಬುದನ್ನು ಬೇರೆ ಬೇರೆಯಾಗಿ ಗುರುತು ಹಾಕಿಕೊಳ್ಳಬೇಕು. ಆಲ್ದೂರು, ಮೂಡಿಗೆರೆ ಭಾಗದ ತೋಟಗಳಲ್ಲಿ ಆನೆಯ ಹಾವಳಿ ಸಣ್ಣ ಮಾತಲ್ಲ. ಬೆಳಿಗ್ಗೆ ಕತ್ತಲಿರುವಾಗಲೇ ಹಾಜರಿ ಹಾಕಲು ನಡೆದು ಬರಬೇಕಾದ ರೈಟರಿಗೆ ಇದು ಜೀವದ ಪ್ರಶ್ನೆ. ಸಂಬಳ ಹೆಚ್ಚಿಸಿ ಇದನ್ನು ಸರಿಪಡಿಸಲಾಗದು. ಬೆಳಕು, ದಾರಿ, ಕೆಲಸದ ವೇಳೆ ಇವುಗಳನ್ನು ಬದಲಿಸಬೇಕಾಗುತ್ತದೆ.

ಬಂದ ಉತ್ತರಗಳನ್ನು ಓದುವ ಬಗೆ

ಕೊಡುವವರು ಸ್ವಲ್ಪ ಕಡಿಮೆ ಹೇಳುತ್ತಾರೆ, ಪಡೆಯುವವರು ಸ್ವಲ್ಪ ಹೆಚ್ಚು ಹೇಳುತ್ತಾರೆ. ಆದ್ದರಿಂದ ಇಬ್ಬರನ್ನೂ ಕೇಳಬೇಕು. ಬಂದ ಅಂಕಿಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಬರೆದು ನಡುವಿನದನ್ನು ನೋಡಬೇಕು. ಲೆಕ್ಕ ತಿಳಿಯಲು ಮಾತ್ರ ಒಂದು ಉದಾಹರಣೆ ಕೊಡಲಾಗಿದೆ, ಇದು ಪೇಟೆಯ ದರವಲ್ಲ. ಏಳು ತೋಟಗಳಿಂದ ತಿಂಗಳಿಗೆ 14,000, 15,500, 16,000, 17,000, 17,500, 18,000 ಮತ್ತು 30,000 ರೂಪಾಯಿ ಎಂಬ ಉತ್ತರ ಬಂತೆನ್ನಿ. ಎಲ್ಲವನ್ನೂ ಕೂಡಿ ಏಳರಿಂದ ಭಾಗಿಸಿದರೆ ಸುಮಾರು 18,286 ಬರುತ್ತದೆ. ಆದರೆ ಏಳರಲ್ಲಿ ಆರು ತೋಟಗಳು ಅದಕ್ಕಿಂತ ಕಡಿಮೆ ಕೊಡುತ್ತಿವೆ! 30,000 ಕೊಡುವ ತೋಟದಲ್ಲಿ ರೈಟರೆಂಬ ಹೆಸರಿನಲ್ಲಿ ಮೇನೇಜರ ಕೆಲಸ ನಡೆಯುತ್ತಿದ್ದು, ಆ ಒಂದು ಅಂಕಿ ಸರಾಸರಿಯನ್ನು ಮೇಲೆಳೆದಿದೆ. ಸಾಲಿನ ನಡುವೆ ನಿಲ್ಲುವ 17,000 ರೂಪಾಯಿಯೇ ಊರಿನ ದರಕ್ಕೆ ಹತ್ತಿರ.

ಸಂಬಳದೊಡನೆ ಜನರ ಲೆಕ್ಕವನ್ನೂ ಹಾಕಿ. ನೀವು ವಿಚಾರಿಸಿದ ಸುತ್ತಿನಲ್ಲಿ ಐದು ತೋಟಗಳು ರೈಟರನ್ನು ಹುಡುಕುತ್ತಿದ್ದು, ಕೆಲಸ ಹುಡುಕುವವರು ಇಬ್ಬರೇ ಇದ್ದರೆ ಊರಿನ ದರ ಹೇಳಿ ಕಾಯುತ್ತ ಕೂರುವಂತಿಲ್ಲ. ಒಂದೋ ಹೆಚ್ಚು ಕೊಡಬೇಕು, ಇಲ್ಲವೇ ಬೇರೆ ಅನುಕೂಲ ಒದಗಿಸಬೇಕು.

ಸಂಬಳವೆಂದರೆ ಪೂರ್ತಿ ಲೆಕ್ಕ

ಮತ್ತೊಂದು ಉದಾಹರಣೆ ನೋಡೋಣ. ತೋಟದಲ್ಲೇ ಒಳ್ಳೆಯ ಮನೆ ಕೊಟ್ಟು 18,000 ರೂಪಾಯಿ ಸಂಬಳ ಹೇಳುವವರು ಒಬ್ಬರು. ಮನೆಯಿಲ್ಲದೆ 21,000 ರೂಪಾಯಿ ಹೇಳುವವರು ಇನ್ನೊಬ್ಬರು. ಎರಡನೆಯ ಕಡೆ ಹೋಗುವ ರೈಟರು ಊರಿನಲ್ಲಿ 3,500 ರೂಪಾಯಿ ಬಾಡಿಗೆ ಕೊಡಬೇಕು, ದಿನಕ್ಕೆ 60 ರೂಪಾಯಿಯಂತೆ 26 ದಿನಕ್ಕೆ 1,560 ರೂಪಾಯಿ ಪೆಟ್ರೋಲಿಗೆ ಹಾಕಬೇಕು. ಕೈಯಲ್ಲಿ ಉಳಿಯುವುದು 15,940 ರೂಪಾಯಿ. ಅಂದರೆ 18,000 ಹೇಳಿದವರದೇ 2,060 ರೂಪಾಯಿ ಮೇಲು. ಆದರೆ ಈ ಲೆಕ್ಕವನ್ನು ಬಿಡಿಸಿ ಹೇಳದಿದ್ದರೆ ಬಂದವರಿಗೆ 21,000 ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ಮನೆ, ವಿದ್ಯುತ್, ಸೌದೆಗಳ ಬೆಲೆಯನ್ನು ಬರೆದು ತೋರಿಸಬೇಕು. ಮನೆ ಸೋರುತ್ತಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯುವ ಹಕ್ಕು ನಮಗಿಲ್ಲ. ಮೊದಲು ಹೆಂಚು ಸರಿಮಾಡಿಸಿ, ಆಮೇಲೆ ಮನೆ ತೋರಿಸುವುದು ಲೇಸು.

ಬೆಳೆಗಾರರ ಕಡೆಯ ಲೆಕ್ಕವೂ ಉಂಟು. 40 ಎಕರೆ ತೋಟದಲ್ಲಿ 50 ಕಿಲೋಗ್ರಾಂ ತೂಕದ 300 ಮೂಟೆ ಚೆರ್ರಿ ಬರುವುದೆಂದೂ ಮೂಟೆಗೆ 8,000 ರೂಪಾಯಿ ಎಂದೂ ಇಟ್ಟುಕೊಳ್ಳೋಣ. ಕುಯ್ಲು ತಡವಾಗಿ ಹಣ್ಣು ಉದುರಿ, ತೂಕದಲ್ಲಿ ತಪ್ಪಿ, ಕಣದಲ್ಲಿ ಮಳೆಗೆ ನೆನೆದು ನೂರಕ್ಕೆ 3ರಷ್ಟು ಹೋದರೆ 9 ಮೂಟೆ, ಅಂದರೆ 72,000 ರೂಪಾಯಿ ನಷ್ಟ. ಒಳ್ಳೆಯ ರೈಟರಿದ್ದರೆ ಇಷ್ಟೂ ಉಳಿಯುತ್ತದೆಂದು ಹೇಳುವಂತಿಲ್ಲ. ಅದರಲ್ಲಿ ಮೂರನೆಯ ಒಂದು ಭಾಗ ಉಳಿದರೂ 24,000 ರೂಪಾಯಿಯಾಯಿತು. ತಿಂಗಳಿಗೆ 2,000 ರೂಪಾಯಿ ಹೆಚ್ಚು ಕೊಟ್ಟರೆ ವರ್ಷಕ್ಕೆ ತಗಲುವುದೂ ಅಷ್ಟೇ. ನಿಮ್ಮ ತೋಟದ ಅಂಕಿಗಳನ್ನು ಹಾಕಿ ಈ ಲೆಕ್ಕ ಮಾಡಿದರೆ ಎಷ್ಟರವರೆಗೆ ಏರಬಹುದೆಂಬ ಮಿತಿ ತಿಳಿಯುತ್ತದೆ.

ಯಾವ ಕಾಲದಲ್ಲಿ ಹುಡುಕಬೇಕು?

ಬಿತ್ತನೆಗೆ ಹದವಿರುವಂತೆ ನೇಮಕಕ್ಕೂ ಹದವಿದೆ. ಕುಯ್ಲು ಮುಗಿದು ಮಾರ್ಚ್ ಅಂತ್ಯಕ್ಕೆ ಲೆಕ್ಕ ಚುಕ್ತಾ ಆದಮೇಲೆ ರೈಟರು ಬದಲಾವಣೆ ಯೋಚಿಸುವುದು ಸಾಮಾನ್ಯ. ಏಪ್ರಿಲ್, ಮೇ ತಿಂಗಳು ಮಕ್ಕಳಿಗೆ ಬೇಸಿಗೆ ರಜ. ಆಗ ಕುಟುಂಬ ಸಮೇತ ಬಂದರೆ ಮಕ್ಕಳನ್ನು ಹೊಸ ಶಾಲೆಗೆ ಸೇರಿಸಬಹುದು. ಅಕ್ಟೋಬರಿನಲ್ಲಿ ಕರೆದರೆ ಸಂಸಾರ ಬಿಟ್ಟು ಒಬ್ಬರೇ ಬರುವವರು ಅಥವಾ ಎಲ್ಲಿಯೂ ನಿಲ್ಲದವರು ಮಾತ್ರ ಸಿಗುವ ಸಂಭವ ಹೆಚ್ಚು. ಅಲ್ಲದೆ ಮೇ ತಿಂಗಳಲ್ಲಿ ಬಂದವರಿಗೆ ಒಂದು ಮಳೆಗಾಲ ತೋಟ ಸುತ್ತಿ ಬ್ಲಾಕುಗಳ ಪರಿಚಯ ಮಾಡಿಕೊಳ್ಳಲು ಕಾಲ ಸಿಗುತ್ತದೆ. ಸೆಪ್ಟೆಂಬರಿನ ಬೋರರ್ ತಪಾಸಣೆಯ ಹೊತ್ತಿಗೆ ಯಾವ ಮೂಲೆಯಲ್ಲಿ ನೆರಳು ಕಡಿಮೆ ಎಂಬುದು ಅವರಿಗೆ ಗೊತ್ತಿರುತ್ತದೆ. ಆದ್ದರಿಂದ ಫೆಬ್ರವರಿ, ಮಾರ್ಚಿಯಲ್ಲಿ ಪೇಟೆ ವಿಚಾರಿಸಿ, ಏಪ್ರಿಲ್‌ನಲ್ಲಿ ಮಾತುಕತೆ ಮುಗಿಸುವುದು ಉತ್ತಮ.

ಕಾನೂನಿನ ಕೆಲವು ಅಂಶಗಳು

ಪೇಟೆಯ ದರ ಏನೇ ಇರಲಿ, ಕಾನೂನು ಗೊತ್ತುಪಡಿಸಿದ್ದಕ್ಕಿಂತ ಕೆಳಗೆ ಇಳಿಯುವಂತಿಲ್ಲ. ತೋಟದ ಕಾರ್ಮಿಕರ ವಸತಿ, ವೈದ್ಯಕೀಯ ನೆರವು, ರಜೆ ಮುಂತಾದವುಗಳಿಗಾಗಿ 1951ರಲ್ಲಿ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆ ಬಂದಿತು. ಮೊದಲು 25 ಎಕರೆ ಮತ್ತು 30 ಕಾರ್ಮಿಕರಿರುವ ತೋಟಗಳಿಗಿದ್ದ ಈ ಕಾಯಿದೆಯನ್ನು 1981ರ ತಿದ್ದುಪಡಿಯಿಂದ 5 ಹೆಕ್ಟೇರ್ ಮತ್ತು 15 ಕಾರ್ಮಿಕರಿರುವ ತೋಟಗಳಿಗೂ ವಿಸ್ತರಿಸಲಾಯಿತು. ಈಗ ಇದರ ವಿಷಯಗಳು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿ ಸಂಹಿತೆಯಲ್ಲಿ ಸೇರಿವೆ. ಕೇಂದ್ರ ಸರ್ಕಾರದ ನಾಲ್ಕು ಕಾರ್ಮಿಕ ಸಂಹಿತೆಗಳು 21 ನವೆಂಬರ್ 2025ರಿಂದ ಜಾರಿಗೆ ಬಂದಿವೆ. ನಿಮ್ಮ ತೋಟಕ್ಕೆ ಯಾವ ನಿಯಮ ಅನ್ವಯಿಸುತ್ತದೆ ಎಂಬುದನ್ನು ನೇಮಕಕ್ಕೆ ಮೊದಲು ಕಾರ್ಮಿಕ ಇಲಾಖೆಯಲ್ಲಿ ಕೇಳಿ ತಿಳಿಯಬೇಕು.

ಮುಖ್ಯವಾಗಿ ನಾಲ್ಕು ಸಂಗತಿಗಳನ್ನು ನೆನಪಿಡಬೇಕು. ನೇಮಕ ಪತ್ರ ಕೊಡಬೇಕು. ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕು, ಕೆಲಸ ಬಿಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕು. ಒಂದೇ ಕೆಲಸಕ್ಕೆ ಗಂಡಸಿಗೊಂದು, ಹೆಂಗಸಿಗೊಂದು ಸಂಬಳ ಇಡುವಂತಿಲ್ಲ. ಮುಂಗಡ ಕೊಟ್ಟು ಅದು ತೀರುವ ತನಕ ಬಿಡಬಾರದೆಂದು ಕಟ್ಟಿಹಾಕುವಂತಿಲ್ಲ. 1976ರ ಜೀತ ಪದ್ಧತಿ ರದ್ದತಿ ಕಾಯಿದೆಯ ಪ್ರಕಾರ ಅದು ಅಪರಾಧ. ದೊಡ್ಡ ಮುಂಗಡದ ಆಸೆಯಿಂದ ಬಂದವರು ಇನ್ನೂ ದೊಡ್ಡ ಮುಂಗಡ ಸಿಕ್ಕಲ್ಲಿಗೆ ಹೋಗುತ್ತಾರೆ ಎಂಬುದೂ ಅನುಭವದ ಮಾತು.

ಬಂದವರನ್ನು ನೋಡುವ ಕ್ರಮ

ಪೇಟೆ ತಿಳಿದು, ಹುದ್ದೆಯ ವಿವರ ಸಾರಿದ ಮೇಲೆ ನಾಲ್ಕಾರು ಮಂದಿ ಬರಬಹುದು. ಅವರನ್ನು ಕಚೇರಿಯಲ್ಲಿ ಕೂರಿಸಿ ಮಾತಾಡಿಸುವುದಕ್ಕಿಂತ ತೋಟದಲ್ಲಿ ಒಂದು ಸುತ್ತು ಕರೆದೊಯ್ಯುವುದು ಒಳ್ಳೆಯದು. ಅರೇಬಿಕಾ ಬ್ಲಾಕಿನಲ್ಲಿ ಬೋರರ್ ಹಿಡಿದ ಗಿಡ ತೋರಿಸಲು ಹೇಳಿ. ಬಲ್ಲವರು ಕಾಂಡದ ಮೇಲಿನ ಉಬ್ಬುಗೆರೆ ಮತ್ತು ಹಳದಿಗೆ ತಿರುಗಿದ ಎಲೆ ನೋಡಿ ಹೇಳುತ್ತಾರೆ. ಪಾರ್ಚ್‌ಮೆಂಟನ್ನು ಯಾವ ತೇವಾಂಶಕ್ಕೆ ಒಣಗಿಸಬೇಕೆಂದು ಕೇಳಿದರೆ ಶೇಕಡ 10 ಎಂಬ ಉತ್ತರ ಬರಬೇಕು. ಒಂದು ವಾರದ ಚೆಕ್‌ರೋಲ್ ಕೊಟ್ಟು ಬಟವಾಡೆಯ ಮೊತ್ತ ತೆಗೆಯಲು ಹೇಳಿ. ಹೆಂಗಸರು, ವಯಸ್ಸಾದವರು ಇರುವ ಆಳುಗಳ ಗುಂಪಿನೊಡನೆ ಮಾತಾಡುವ ರೀತಿ ಗಮನಿಸಿ. ಹಿಂದಿನ ತೋಟದವರನ್ನೂ ವಿಚಾರಿಸಬೇಕು. ಆದರೆ ಇನ್ನೂ ಅಲ್ಲಿ ಕೆಲಸದಲ್ಲಿರುವವರ ವಿಷಯದಲ್ಲಿ ಅವರ ಒಪ್ಪಿಗೆ ಪಡೆದೇ ವಿಚಾರಿಸುವುದು ಸರಿ. ಇಲ್ಲವಾದರೆ ಇಲ್ಲಿ ಕೆಲಸ ಸಿಗುವ ಮೊದಲೇ ಅಲ್ಲಿನದು ಹೋಗಬಹುದು.

ಅವರು ಕೇಳುವ ಪ್ರಶ್ನೆಗಳಿಗೂ ಉತ್ತರ ಸಿದ್ಧವಿರಲಿ. "ಶಾಲೆ ಎಷ್ಟು ದೂರ ಸಾರ್? ಬಸ್ಸು ಎಷ್ಟು ಹೊತ್ತಿಗಿದೆ?" ಎಂದು ಕೇಳಿದವರು ಉಳಿಯುವ ಯೋಚನೆಯಿಂದ ಬಂದವರೆಂದು ತಿಳಿಯಬಹುದು. ಮನೆಯನ್ನು ಅವರ ಮನೆಯವರಿಗೂ ತೋರಿಸಿ. ಉಳಿಯುವ, ಬಿಡುವ ತೀರ್ಮಾನ ಹೆಚ್ಚಾಗಿ ಆಗುವುದು ಅಡುಗೆ ಮನೆಯಲ್ಲಿ.

ಪೇಟೆಯ ದರ ನಮಗೆ ಕಟ್ಟದಿದ್ದರೆ?

ನಮ್ಮಲ್ಲಿ ಕಾಫಿ ಹಿಡುವಳಿಗಳ ಬಹುಪಾಲು 10 ಹೆಕ್ಟೇರಿಗಿಂತ ಚಿಕ್ಕವು. ಇವರಲ್ಲಿ ಅನೇಕರಿಗೆ ಪೂರ್ಣ ಸಂಬಳದ ರೈಟರು ಕಟ್ಟುವುದಿಲ್ಲ. ಪೇಟೆ ವಿಚಾರಿಸಿದ್ದರಿಂದ ಇದು ಮೊದಲೇ ತಿಳಿದರೆ ಅದೂ ಲಾಭವೇ. ಆಗ ಮೂರು ದಾರಿಗಳಿವೆ.

ಅಕ್ಕಪಕ್ಕದ ಮೂರು ನಾಲ್ಕು ಬೆಳೆಗಾರರು ಸೇರಿ ಒಬ್ಬ ರೈಟರನ್ನು ಇಟ್ಟುಕೊಳ್ಳಬಹುದು. ಯಾವ ದಿನ ಯಾರ ತೋಟ, ಸಂಬಳದಲ್ಲಿ ಯಾರ ಪಾಲು ಎಷ್ಟು, ಕುಯ್ಲು ಒಟ್ಟಿಗೆ ಬಂದಾಗ ಸರದಿ ಹೇಗೆ ಎಂಬುದನ್ನು ಮೊದಲೇ ಬರೆದಿಡದಿದ್ದರೆ ಮನಸ್ತಾಪವಾಗುತ್ತದೆ.

ಎರಡನೆಯದು, ಕೆಲಸವನ್ನು ಒಡೆಯುವುದು. ಹೊರಗಿನ ತಿರುಗಾಟ ಮೇಸ್ತ್ರಿಗೆ ಬಿಟ್ಟು, ಲೆಕ್ಕ ಮತ್ತು ತೂಕವನ್ನು ಅರ್ಧ ದಿನದ ಕೆಲಸವಾಗಿ ಊರಿನಲ್ಲೇ ಇರುವ ಓದಿದ ಹೆಣ್ಣುಮಗಳಿಗೆ ವಹಿಸಬಹುದು. ಪಿ.ಯು.ಸಿ., ಪದವಿ ಮುಗಿಸಿ ಮದುವೆಯಾಗಿ ಹಳ್ಳಿಯಲ್ಲಿರುವವರು ಈಗ ಬೇಕಾದಷ್ಟು ಮಂದಿ ಇದ್ದಾರೆ. ರೈಟರೆಂದರೆ ಗಂಡಸೇ ಆಗಬೇಕೆಂಬ ರೂಢಿಯಿಂದ ಪೇಟೆಯ ಅರ್ಧವನ್ನು ನಾವೇ ಮುಚ್ಚಿಕೊಂಡಿದ್ದೇವೆ.

ಮೂರನೆಯದು, ತಯಾರು ಮಾಡಿಕೊಳ್ಳುವುದು. ತೋಟದಲ್ಲೇ ದುಡಿಯುವ ಕುಟುಂಬದ ಆಸಕ್ತ ಯುವಕ ಅಥವಾ ಯುವತಿಗೆ ಒಂದು ಕುಯ್ಲಿನ ಕಾಲ ತೂಕದ ಪುಸ್ತಕ ಕೊಟ್ಟು, ಕಾಫಿ ಮಂಡಳಿಯವರು ಏರ್ಪಡಿಸುವ ತರಬೇತಿಗಳಿಗೆ ಕಳುಹಿಸಿದರೆ ಒಂದೆರಡು ವರ್ಷದಲ್ಲಿ ಕೆಲಸ ಕೈಗೆ ಹತ್ತುತ್ತದೆ. ಕಲಿತ ಮೇಲೆ ಅವರಿಗೂ ಊರಿನ ದರ ಕೊಡಬೇಕು. ನಮ್ಮಲ್ಲೇ ಬೆಳೆದವರೆಂದು ಕಡಿಮೆ ಕೊಟ್ಟರೆ ನಾವು ಕಲಿಸಿದ ವಿದ್ಯೆ ಪಕ್ಕದ ತೋಟಕ್ಕೆ ಹೋಗುತ್ತದೆ.

ಒಟ್ಟಿನಲ್ಲಿ ಮಾಡಬೇಕಾದ್ದು

ಕೆಲಸದ ಹಾಳೆಯನ್ನು ಜನವರಿಯಲ್ಲೇ ಬರೆಯಿರಿ. ಫೆಬ್ರವರಿ, ಮಾರ್ಚಿಯಲ್ಲಿ ಏಳೆಂಟು ತೋಟ, ಕೆಲಸ ಬಿಟ್ಟ ಇಬ್ಬರು ಮೂವರು ರೈಟರು, ಒಂದು ಹೋಂಸ್ಟೇ ಮತ್ತು ಕಾರ್ಮಿಕ ಇಲಾಖೆಯ ಕಚೇರಿ, ಇಷ್ಟನ್ನಾದರೂ ವಿಚಾರಿಸಿ. ಅಂಕಿಗಳನ್ನು ಸಾಲಾಗಿ ಬರೆದು ನಡುವಿನದನ್ನು ಹಿಡಿಯಿರಿ. ಮನೆ, ದಾರಿ, ಶಾಲೆಗಳ ಅನುಕೂಲ ಸೇರಿಸಿ ಪೂರ್ತಿ ಲೆಕ್ಕ ಹಾಕಿ. ನಿಮ್ಮ ಮಿತಿ ಗೊತ್ತುಮಾಡಿಕೊಂಡ ಮೇಲೆ ಮಾತ್ರ ಸಂಬಳ ಹೇಳಿ, ಹೇಳಿದ್ದನ್ನು ನೇಮಕ ಪತ್ರದಲ್ಲಿ ಬರೆದುಕೊಡಿ. ಇದಕ್ಕೆಲ್ಲ ತಗಲುವುದು ಹತ್ತು ಹದಿನೈದು ದಿನಗಳ ತಿರುಗಾಟ, ಒಂದು ನೋಟು ಪುಸ್ತಕ. ಆ ಪುಸ್ತಕವನ್ನು ಎಸೆಯದೆ ಇಟ್ಟುಕೊಂಡು ಪ್ರತಿ ವರ್ಷ ಕುಯ್ಲು ಮುಗಿದ ಮೇಲೆ ಹೊಸ ಅಂಕಿಗಳನ್ನು ಸೇರಿಸುತ್ತ ಹೋದರೆ, ಇರುವ ರೈಟರಿಗೆ ಯಾವಾಗ ಸಂಬಳ ಹೆಚ್ಚಿಸಬೇಕೆಂಬುದು ಅವರು ಕೇಳುವ ಮೊದಲೇ ನಿಮಗೆ ತಿಳಿದಿರುತ್ತದೆ.